ಆಟಿಯ ಅಣಬೆ: ಗುರುತು ಕಲಿಯೋಣ, ಆಮೇಲೆ ತಿನ್ನೋಣ

ಹೊರಗೆ ಮಳೆ ಜೋರಾಗಿ ಹೊಯ್ಯುತ್ತಿದೆ. ನೇಜಿ ನೆಟ್ಟು ಆಗಿದೆ. ಅಂಗಳದಲ್ಲಿ ಪಾಚಿ ಕಟ್ಟಿದೆ. ಇದು ಆಟಿ ತಿಂಗಳು.

ಈ ತಿಂಗಳಲ್ಲಿ ಮಂಗಳೂರು ಪೇಟೆಯಲ್ಲಿ ಒಂದು ಹಬ್ಬ ನಡೆಯುತ್ತದೆ. ಅದಕ್ಕೆ ತುಳುವಿನಲ್ಲಿ 'ಆಟಿಡೊಂಜಿ ದಿನ' ಅಂತ ಹೆಸರು. ಆಟಿಯಲ್ಲಿ ಒಂದು ದಿನ ಅಂತ ಅದರ ಅರ್ಥ. ಶಾಲೆಗಳಲ್ಲಿ, ಮಹಿಳಾ ಮಂಡಲಗಳಲ್ಲಿ, ಯುವಕ ಸಂಘಗಳಲ್ಲಿ, ಸಭಾಭವನಗಳಲ್ಲಿ ಈ ಹಬ್ಬ ಮಾಡುತ್ತಾರೆ. ಇದು ಊಟದ ಹಬ್ಬ. ಆಟಿಯ ತಿಂಡಿ, ಆಟಿಯ ಪಲ್ಯ, ಆಟಿಯ ಗಂಜಿ, ಎಲ್ಲ ಅಲ್ಲಿ ಉಂಟು. ಅವುಗಳ ನಡುವೆ ಜನ ಹುಡುಕಿ ಹೋಗುವ ಒಂದು ಪದಾರ್ಥ ಉಂಟು. ಅದೇ ಅಣಬೆ.

ಅಣಬೆಗೆ ತುಳುವಿನಲ್ಲಿ ಅಲಂಬು ಅಂತಾರೆ. ಕೊಂಕಣಿಯಲ್ಲಿ ಅಳ್ಮಿ ಅಂತಾರೆ. ಹೆಸರು ಬೇರೆ ಬೇರೆ. ಆದರೆ ಬಾಯಲ್ಲಿ ನೀರೂರುವುದು ಎಲ್ಲರಿಗೂ ಒಂದೇ!

ಬನ್ನಿ, ಈ ಅಣಬೆಯ ವಿಷಯ ತಿಳಿಯೋಣ.

ಹಸಿವಿನ ತಿಂಗಳು

ಆಟಿ ತುಳುವರ ವರ್ಷದ ನಾಲ್ಕನೆಯ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಇರುತ್ತದೆ. ಈಗ ನಾವು ಆಟಿಯನ್ನು ಹಬ್ಬವಾಗಿ ಮಾಡುತ್ತೇವೆ. ಹಿಂದೆ ಹಾಗಿರಲಿಲ್ಲ. ಹಿಂದೆ ಆಟಿ ಅಂದರೆ ಕಷ್ಟದ ತಿಂಗಳು.

ಯಾಕೆ ಕಷ್ಟ? ಹಳೆಯ ಬೆಳೆಯ ಅಕ್ಕಿ ಮುಗಿದಿರುತ್ತಿತ್ತು. ಹೊಸ ಬೆಳೆ ಇನ್ನೂ ಗದ್ದೆಯಲ್ಲಿ ಹಸಿರಾಗಿ ನಿಂತಿರುತ್ತಿತ್ತು. ನೇಜಿ ಕೆಲಸ ಮುಗಿದ ಮೇಲೆ ಕೂಲಿ ಸಿಗುತ್ತಿರಲಿಲ್ಲ. ಕಡಲು ಅಬ್ಬರಿಸುತ್ತಿತ್ತು. ಮೀನೂ ಕಡಿಮೆ. ಬಡವರ ಮನೆಯ ಒಲೆ ಎಷ್ಟೋ ದಿನ ಉರಿಯುತ್ತಿರಲಿಲ್ಲ.

ಆಗ ಜನ ಗುಡ್ಡದ ಕಡೆ, ತೋಟದ ಕಡೆ ಹೋದರು. ಅಲ್ಲಿ ಮಳೆಗೆ ತಾನಾಗಿ ಬೆಳೆದದ್ದನ್ನು ತಂದರು. ತಜಂಕಿನ ಸೊಪ್ಪು ತಂದು ಪಲ್ಯ ಮಾಡಿದರು. ಕೆಸುವಿನ ಎಲೆ ತಂದು ಪತ್ರೊಡೆ ಮಾಡಿದರು. ಬಿದಿರಿನ ಎಳೆ ಮೊಳಕೆ, ಅಂದರೆ ಕಣಿಲೆ ತಂದರು. ಬೇಸಿಗೆಯಲ್ಲಿ ಒಣಗಿಸಿ ಇಟ್ಟ ಹಲಸಿನ ಬೀಜ ತೆಗೆದರು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ತೆಗೆದರು. ಹುತ್ತದ ಮೇಲೆ ಎದ್ದ ಅಣಬೆ ಕಿತ್ತು ತಂದರು.

ಆ ದಿನಗಳಲ್ಲಿ ಇವು ಬಡವರ ಊಟ. ಇವತ್ತು ಅದೇ ಅಣಬೆ ಮಂಗಳೂರಿನ ಮಾರ್ಕೆಟಿನಲ್ಲಿ, ರಸ್ತೆ ಬದಿಯಲ್ಲಿ ಮಾರಾಟಕ್ಕೆ ಬರುತ್ತದೆ. ಕೆಲವು ದಿನ ಕೋಳಿಮಾಂಸಕ್ಕಿಂತಲೂ ದುಬಾರಿ. ಹಸಿದವರು ಹುಡುಕಿದ್ದನ್ನು ಈಗ ಉಳ್ಳವರು ಹುಡುಕುತ್ತಾರೆ. ಕಾಲ ಹೇಗೆ ಬದಲಾಗುತ್ತದೆ ನೋಡಿ!

ಅಣಬೆ ಎಂದರೇನು?

ಅಣಬೆ ಗಿಡ ಅಲ್ಲ. ಗಿಡಕ್ಕೆ ಹಸಿರು ಎಲೆ ಉಂಟು. ಅದು ಬಿಸಿಲಿನಿಂದ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಅಣಬೆಗೆ ಹಸಿರು ಇಲ್ಲ. ಅದು ಕೊಳೆತ ಎಲೆ, ಮರ, ಹುಲ್ಲು, ಇಂಥವುಗಳಿಂದ ಆಹಾರ ಹೀರುತ್ತದೆ. ಕೆಲವು ಅಣಬೆಗಳು ಬದುಕಿರುವ ಮರದ ಬೇರಿನ ಜೊತೆ ಸೇರಿ ಬಾಳುತ್ತವೆ.

ಹಳೆ ರೊಟ್ಟಿಯ ಮೇಲೆ ಬೂಸ್ಟು ಬರುವುದನ್ನು ನೋಡಿದ್ದೀರಿ ಅಲ್ವಾ? ಅಣಬೆಯೂ ಅದರ ಸಂಬಂಧಿಯೇ. ಮಣ್ಣಿನ ಒಳಗೆ ಅದರ ಬಿಳಿ ಎಳೆಗಳು ಹಬ್ಬಿರುತ್ತವೆ. ನೂಲಿಗಿಂತಲೂ ತೆಳು. ವರ್ಷವಿಡೀ ಅವು ಅಲ್ಲೇ ಇರುತ್ತವೆ. ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮಳೆ ಬಂದು ಮಣ್ಣು ತಂಪಾದಾಗ ಆ ಎಳೆಗಳು ಒಟ್ಟಾಗಿ ಮೇಲೆ ಏಳುತ್ತವೆ. ಅದೇ ನಾವು ನೋಡುವ ಕೊಡೆ. ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ, ಆ ಎಳೆಗಳಿಗೆ ಈ ಕೊಡೆ ಹಾಗೆ.

"ಗುಡುಗಿದರೆ ಅಣಬೆ ಏಳ್ತದೆ" ಅಂತ ಹಿರಿಯರು ಹೇಳ್ತಾರೆ. ಗುಡುಗಿನ ಹಿಂದೆ ಮಳೆ ಬರುತ್ತದೆ. ಮಳೆಗೆ ಮಣ್ಣು ನೆನೆಯುತ್ತದೆ. ಆಗ ಅಣಬೆ ಏಳುತ್ತದೆ. ಹಿರಿಯರು ಸರಿಯಾಗಿಯೇ ನೋಡಿದ್ದಾರೆ.

ಗೆದ್ದಲು ಸಾಕುವ ಅಣಬೆ

ನಮ್ಮ ಕಡೆ ಹುತ್ತದ ಅಣಬೆಗೆ ಬಹಳ ಬೇಡಿಕೆ. ಇದರ ಕತೆ ವಿಚಿತ್ರ. ಇದನ್ನು ಬೆಳೆಸುವವರು ಗೆದ್ದಲುಗಳು!

ಗೆದ್ದಲು ಒಣ ಎಲೆ, ಕಟ್ಟಿಗೆ ತಿನ್ನುತ್ತದೆ. ಆದರೆ ಅದನ್ನು ಪೂರ್ತಿ ಜೀರ್ಣ ಮಾಡಲು ಈ ಗೆದ್ದಲಿಗೆ ಆಗುವುದಿಲ್ಲ. ಆದ್ದರಿಂದ ಅದು ಹುತ್ತದೊಳಗೆ ಸ್ಪಂಜಿನಂಥ ಗೂಡು ಕಟ್ಟುತ್ತದೆ. ಅದರ ಮೇಲೆ ಅಣಬೆಯ ಎಳೆಗಳನ್ನು ಬೆಳೆಸುತ್ತದೆ. ಆ ಎಳೆಗಳು ಕಟ್ಟಿಗೆಯನ್ನು ಮೆತ್ತಗೆ ಮಾಡುತ್ತವೆ. ಗೆದ್ದಲು ಅದನ್ನು ತಿನ್ನುತ್ತದೆ. ಗೆದ್ದಲಿಗೆ ಊಟ, ಅಣಬೆಗೆ ಮನೆ. ಮಳೆಗಾಲದಲ್ಲಿ ಆ ತೋಟದಿಂದ ಉದ್ದ ಬೇರಿನಂಥ ಕಾಲು ಮಣ್ಣನ್ನು ಸೀಳಿ ಮೇಲೆ ಬರುತ್ತದೆ. ಅದರ ತುದಿಯಲ್ಲಿ ಕೊಡೆ ಅರಳುತ್ತದೆ.

ಆಫ್ರಿಕಾ ಖಂಡದಲ್ಲಿಯೂ ಇದೇ ಜಾತಿಯ ಅಣಬೆ ಉಂಟು. ಜಾಂಬಿಯಾ ದೇಶದಲ್ಲಿ ಸಿಗುವ ಒಂದು ಬಗೆಯ ಕೊಡೆ 1 ಮೀಟರ್ ಅಗಲದ ತನಕ ಬೆಳೆಯುತ್ತದೆ. ಅಲ್ಲಿಯ ಜನರೂ ಅದನ್ನು ಇಷ್ಟಪಟ್ಟು ತಿನ್ನುತ್ತಾರೆ.

ಇನ್ನೊಂದು ಕಲ್ಲಣಬೆ. ತುಳುವಿನಲ್ಲಿ ಕಲ್ಲಲಂಬು. ಇದಕ್ಕೆ ಕೊಡೆ ಇಲ್ಲ. ಸಣ್ಣ ಗೋಲಿಯ ಹಾಗೆ ದುಂಡಗೆ ಇರುತ್ತದೆ. ಮಳೆಗಾಲ ಶುರುವಾಗುವಾಗ ಕಾಡಿನ ಮಣ್ಣಿನಲ್ಲಿ ಹುದುಗಿ ಸಿಗುತ್ತದೆ. ಎಳೆಯದಾದರೆ ಕತ್ತರಿಸಿದಾಗ ಒಳಗೆ ಬೆಳ್ಳಗೆ ಇರುತ್ತದೆ. ಬಲಿತರೆ ಒಳಗೆ ಕಪ್ಪಾಗಿ ಪುಡಿಯಾಗುತ್ತದೆ. ಆಗ ತಿನ್ನಲು ಬಾರದು. ಇದು ಕಾಡಿನ ಕೆಲವು ಮರಗಳ ಬೇರಿನ ಜೊತೆ ಬಾಳುವ ಅಣಬೆ.

ಈ ಎರಡನ್ನೂ ಶೆಡ್ಡಿನಲ್ಲಿ ಬೆಳೆದು ಮಾರಲು ಇನ್ನೂ ಆಗಿಲ್ಲ. ಹುತ್ತ ಇದ್ದರೆ ಹುತ್ತದ ಅಣಬೆ. ಕಾಡಿನ ಮರ ಇದ್ದರೆ ಕಲ್ಲಣಬೆ. ಗುಡ್ಡ ಕಡಿದು ಸಮ ಮಾಡಿದರೆ ಎರಡೂ ಇಲ್ಲ. ಮಂಗಳೂರು ಬೆಳೆಯುತ್ತಿದೆ. ಗುಡ್ಡಗಳು ಕರಗುತ್ತಿವೆ. ಅಣಬೆ ದುಬಾರಿ ಆಗಲು ಅದೂ ಒಂದು ಕಾರಣ.

ಹಬ್ಬದ ತಟ್ಟೆಯಲ್ಲಿ ಇಲ್ಲದ್ದು

ಈಗ ಮತ್ತೆ ಹಬ್ಬಕ್ಕೆ ಬರೋಣ. ಅಣಬೆ ಗಸಿ ಉಂಟು. ನೀರುದೋಸೆ ಉಂಟು. ಅಣಬೆ ಸುಕ್ಕ ಉಂಟು. ಹಲಸಿನ ಬೀಜ ಹಾಕಿದ ಪಲ್ಯ ಉಂಟು. ಎಲ್ಲರೂ ತಿಂದು "ಭಾರೀ ಲಾಯಿಕ್ ಆಗಿದೆ" ಅಂತಾರೆ. ಮಕ್ಕಳೂ ತಿನ್ನುತ್ತಾರೆ. ಒಳ್ಳೆಯದೇ.

ಆದರೆ ಒಂದು ಮಾತು. ತಟ್ಟೆಗೆ ಬಂದ ಅಣಬೆ ರುಚಿ ಕಲಿಸುತ್ತದೆ. ಗುರುತು ಕಲಿಸುವುದಿಲ್ಲ.

ಹಿಂದೆ ಅಜ್ಜಿ ಅಣಬೆ ತರಲು ಹೋಗುವಾಗ ಮೊಮ್ಮಗಳು ಹಿಂದೆ ಹೋಗುತ್ತಿದ್ದಳು. "ಇದು ಆಗ್ತದೆ, ಇದು ಆಗುದಿಲ್ಲ, ಇದನ್ನು ಮುಟ್ಟಬೇಡ" ಅಂತ ಅಜ್ಜಿ ಹೇಳುತ್ತಿದ್ದರು. ಒಂದು ವರ್ಷ ಅಲ್ಲ, ಹತ್ತು ವರ್ಷ ನೋಡಿ ನೋಡಿ ಹುಡುಗಿ ಕಲಿಯುತ್ತಿದ್ದಳು. ಅಜ್ಜಿಗೆ ಅಕ್ಷರ ಬಾರದಿದ್ದರೂ ಗುಡ್ಡ ಓದಲು ಬರುತ್ತಿತ್ತು. ಅದೂ ಒಂದು ವಿದ್ಯೆ.

ಈಗ ಅಜ್ಜಿಯ ಹಿಂದೆ ಹೋಗುವವರು ಕಡಿಮೆ. ಹಬ್ಬದಲ್ಲಿ ರುಚಿ ನೋಡಿದವರು ಮಾತ್ರ ಹೆಚ್ಚು. ರುಚಿ ನೋಡಿದವರಿಗೆ ಮನೆ ಹಿಂದೆ ಬಿಳಿ ಅಣಬೆ ಕಂಡರೆ ಆಸೆ ಆಗುತ್ತದೆ. ಅಲ್ಲಿಯೇ ಅಪಾಯ.

ಅಣಬೆ ಜೀವ ತೆಗೆದೀತು

2022ರ ನವೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಬೆಳ್ತಂಗಡಿ ತಾಲೂಕಿನಲ್ಲಿ ವಿಷದ ಅಣಬೆ ತಿಂದು ತಂದೆ, ಮಗ ಇಬ್ಬರೂ ತೀರಿಕೊಂಡರು. ಅದೇ ವರ್ಷ ಏಪ್ರಿಲಿನಲ್ಲಿ ಅಸ್ಸಾಂ ರಾಜ್ಯದಲ್ಲಿ ಕಾಡಿನ ಅಣಬೆ ತಿಂದು 13 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾ ತೋಟದ ಕೆಲಸಗಾರರ ಮನೆಯವರು. ಸತ್ತವರಲ್ಲಿ ಮಗುವೂ ಇತ್ತು. ಬಡವರೇ ಹೆಚ್ಚಾಗಿ ಇದಕ್ಕೆ ಬಲಿ ಆಗುತ್ತಾರೆ.

ವಿಷದ ಅಣಬೆಯನ್ನು ಕಂಡುಹಿಡಿಯಲು ಜನ ಹಲವು ಉಪಾಯ ಹೇಳ್ತಾರೆ. ಅವು ಸರಿಯಾ? ಒಂದೊಂದಾಗಿ ನೋಡೋಣ.

"ಬೆಳ್ಳಿಯ ನಾಣ್ಯ ಹಾಕಿ ಬೇಯಿಸಿ. ನಾಣ್ಯ ಕಪ್ಪಾದರೆ ವಿಷ." ಇದು ಸುಳ್ಳು. ವಿಷದ ಅಣಬೆ ಬೆಂದರೂ ಬೆಳ್ಳಿ ಕಪ್ಪಾಗದೆ ಇರಬಹುದು.

"ಅರಸಿನ ಹಾಕಿ ಬೇಯಿಸಿದರೆ ವಿಷ ಹೋಗ್ತದೆ." ಇದೂ ಸುಳ್ಳು. ಜೀವ ತೆಗೆಯುವ ವಿಷ ಕುದಿಸಿದರೂ ಹೋಗುವುದಿಲ್ಲ. ಒಣಗಿಸಿದರೂ ಹೋಗುವುದಿಲ್ಲ.

"ಹುಳ ತಿಂದಿದ್ದರೆ ನಾವೂ ತಿನ್ನಬಹುದು." ಸುಳ್ಳು. ಹುಳದ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ.

"ಬಣ್ಣದ್ದು ವಿಷ, ಬಿಳಿಯದ್ದು ಒಳ್ಳೆಯದು." ಇದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಜೀವ ತೆಗೆಯುವ ಕೆಲವು ಅಣಬೆಗಳು ಹಾಲಿನ ಹಾಗೆ ಬೆಳ್ಳಗೆ ಇರುತ್ತವೆ.

ಹಾಗಾದರೆ ಗುರುತು ಎಂತದು? ಎಲ್ಲ ಅಣಬೆಗೂ ಆಗುವ ಒಂದೇ ಗುರುತು ಇಲ್ಲ. ಒಂದೊಂದು ಅಣಬೆಯನ್ನೂ ಒಂದೊಂದಾಗಿ ಕಲಿಯಬೇಕು. ಕೆಲವು ಎಚ್ಚರಿಕೆಗಳನ್ನು ಮಾತ್ರ ಹೇಳಬಹುದು.

ಕಾಲಿನ ಬುಡದಲ್ಲಿ ಚೀಲದಂಥ ಪೊರೆ ಉಂಟಾ? ಕಾಲಿನ ಸುತ್ತ ಬಳೆ ಉಂಟಾ? ಎರಡೂ ಇದ್ದರೆ ಬಿಟ್ಟುಬಿಡಿ. ಆ ಚೀಲ ಮಣ್ಣಿನೊಳಗೆ ಇರುತ್ತದೆ. ಮೇಲಿನಿಂದ ಕಿತ್ತರೆ ಕಾಣುವುದಿಲ್ಲ.

ಅಂಗಳದ ಹುಲ್ಲಿನಲ್ಲಿ, ಮೈದಾನದಲ್ಲಿ ದೊಡ್ಡ ಬಿಳಿ ಕೊಡೆ ಏಳುತ್ತದೆ. ಮೇಲೆ ಕಂದು ಚಕ್ಕೆ. ಬಲಿತರೆ ಕೊಡೆಯ ಅಡಿಯ ಪದರ ಹಸಿರು ಬಣ್ಣಕ್ಕೆ ತಿರುಗುತ್ತದೆ. ಹುತ್ತದ ಅಣಬೆ ಅಂತ ಜನ ಇದಕ್ಕೆ ಮೋಸ ಹೋಗುತ್ತಾರೆ. ಇದು ತಿಂದರೆ ಜೋರು ವಾಂತಿ, ಭೇದಿ ಆಗುತ್ತದೆ.

ಕಲ್ಲಣಬೆ ಅಂತ ತಂದದ್ದನ್ನು ಒಂದೊಂದನ್ನೂ ನಡುವೆ ಕತ್ತರಿಸಿ ನೋಡಬೇಕು. ಒಳಗೆ ಪುಟ್ಟ ಕೊಡೆಯ ಆಕಾರ ಕಂಡರೆ ಅದು ಕಲ್ಲಣಬೆ ಅಲ್ಲ. ಅರಳದ ಬೇರೆ ಅಣಬೆ. ಅದು ವಿಷದ್ದೂ ಆಗಿರಬಹುದು. ಒಳಗೆ ಕಪ್ಪಾಗಿದ್ದರೂ ಎಸೆಯಿರಿ.

ಈ ಗುರುತು ಯಾವುದೂ ಇಲ್ಲ ಅಂದ ಮಾತ್ರಕ್ಕೆ ಅಣಬೆ ಒಳ್ಳೆಯದು ಅಂತ ಅಲ್ಲ. ಈ ಪುಸ್ತಕ ಓದಿ ಅಣಬೆ ಕೀಳಲು ಹೋಗಬೇಡಿ. ಚಿತ್ರ ನೋಡಿ, ಮೊಬೈಲ್ ನೋಡಿ ಹೋಗಬೇಡಿ. ಹಲವು ವರ್ಷ ಅದೇ ಅಣಬೆ ಕಿತ್ತು ತಿಂದವರ ಜೊತೆ ಹೋಗಿ. ಅವರಿಗೂ ಅನುಮಾನ ಬಂದರೆ ಬಿಟ್ಟುಬಿಡಿ. ಒಂದು ಹೊತ್ತಿನ ಗಸಿ ಹೋದರೆ ಹೋಗಲಿ, ಜೀವ ಉಳಿಯಲಿ.

ತಿಂದ ಮೇಲೆ ತೊಂದರೆ ಆದರೆ?

ಈ ಭಾಗವನ್ನು ಎರಡು ಸಲ ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಕೆಲವು ಅಣಬೆ ತಿಂದ ಎರಡು ಮೂರು ಗಂಟೆಯಲ್ಲೇ ವಾಂತಿ ಬರುತ್ತದೆ. ಆದರೆ ಜೀವ ತೆಗೆಯುವ ವಿಷ ತಡವಾಗಿ ಏಳುತ್ತದೆ. ರಾತ್ರಿ ತಿಂದರೆ ಮರುದಿನ ಬೆಳಿಗ್ಗೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗಬಹುದು. ಆಮೇಲೆ ಒಂದು ದಿನ ಕಡಿಮೆ ಆದ ಹಾಗೆ ಕಾಣುತ್ತದೆ. "ಗುಣ ಆಯ್ತು" ಅಂತ ಮನೆಯವರು ಸುಮ್ಮನಾಗುತ್ತಾರೆ. ಆದರೆ ಒಳಗೆ ಪಿತ್ತಜನಕಾಂಗ ಹಾಳಾಗುತ್ತಿರುತ್ತದೆ. ಮೂರನೆಯ, ನಾಲ್ಕನೆಯ ದಿನ ಕಣ್ಣು ಹಳದಿ ಆಗುತ್ತದೆ. ಆಗ ಬದುಕಿಸುವುದು ಕಷ್ಟ.

ಆದ್ದರಿಂದ ಕಾಯಬೇಡಿ. ಅಣಬೆ ತಿಂದ ಮೇಲೆ ವಾಂತಿ, ಭೇದಿ ಆದರೆ ಕೂಡಲೇ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಮಂಗಳೂರಿನಲ್ಲಿ ವೆನ್ಲಾಕ್ ಸರಕಾರಿ ಆಸ್ಪತ್ರೆ ಉಂಟು. ಉಳಿದ ಅಣಬೆ, ಉಳಿದ ಪಲ್ಯ ಎಸೆಯಬೇಡಿ. ಕಟ್ಟಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಎಷ್ಟು ಹೊತ್ತಿಗೆ ತಿಂದದ್ದು ಅಂತ ಹೇಳಿ. ಜೊತೆಗೆ ತಿಂದ ಎಲ್ಲರನ್ನೂ ಕರೆದುಕೊಂಡು ಹೋಗಿ. ಅವರಿಗೆ ಇನ್ನೂ ಏನೂ ಆಗದಿದ್ದರೂ ಸರಿ.

ಮನೆಯಲ್ಲೇ ಬೆಳೆಯಬಹುದು

ಹಾಗಾದರೆ ಅಣಬೆ ತಿನ್ನುವುದೇ ಬೇಡವಾ? ಹಾಗೆ ಹೇಳುವುದಿಲ್ಲ. ಅಣಬೆ ಒಳ್ಳೆಯ ಆಹಾರ. ಹಸಿ ಅಣಬೆಯಲ್ಲಿ ಹೆಚ್ಚಿನ ಪಾಲು ನೀರೇ. ಆದರೂ ಸೊಪ್ಪು ತರಕಾರಿಯ ಜೊತೆ ಹೋಲಿಸಿದರೆ ಅದರಲ್ಲಿ ಸಸಾರಜನಕ ಚೆನ್ನಾಗಿಯೇ ಉಂಟು. ಕೊಬ್ಬು ಬಹಳ ಕಡಿಮೆ.

ಹೆದರಿಕೆ ಇಲ್ಲದೆ ತಿನ್ನಲು ಒಂದು ದಾರಿ ಉಂಟು. ಚಿಪ್ಪು ಅಣಬೆಯನ್ನು ಮನೆಯಲ್ಲೇ ಬೆಳೆಯಬಹುದು. ಗದ್ದೆ ಬೇಡ. ಒಂದು ನೆರಳಿನ ಕೋಣೆ ಸಾಕು. ನಮ್ಮ ಊರಿನ ತೇವದ ಗಾಳಿ ಇದಕ್ಕೆ ಚೆನ್ನಾಗಿ ಹಿಡಿಸುತ್ತದೆ.

ಮೊದಲು ಹೊಸ ಬೈಹುಲ್ಲು ತನ್ನಿ. ಮಳೆಗೆ ನೆನೆದು ಕಪ್ಪಾದದ್ದು ಬೇಡ. ಎರಡು ಇಂಚು ಉದ್ದಕ್ಕೆ ಕತ್ತರಿಸಿ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಮರುದಿನ ಕುದಿಯುವ ಬಿಸಿನೀರಿನಲ್ಲಿ ಮುಕ್ಕಾಲು ಗಂಟೆ ಇಡಿ. ಇದರಿಂದ ಬೇರೆ ಬೂಸ್ಟು ಸಾಯುತ್ತದೆ. ಆಮೇಲೆ ನೀರು ಬಸಿದು ಆರಿಸಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಕೈಗೆ ತೇವ ತಾಗಬೇಕು, ಅಷ್ಟೆ.

ಕೈ ಸಾಬೂನು ಹಾಕಿ ತೊಳೆಯಿರಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ನಾಲ್ಕು ಬೆರಳು ಎತ್ತರಕ್ಕೆ ಹುಲ್ಲು ತುಂಬಿ ಒತ್ತಿ. ಅದರ ಮೇಲೆ ಬದಿಯಲ್ಲಿ ಅಣಬೆ ಬೀಜ ಉದುರಿಸಿ. ಮತ್ತೆ ಹುಲ್ಲು, ಮತ್ತೆ ಬೀಜ. ಹೀಗೆ ನಾಲ್ಕೈದು ಪದರ ಮಾಡಿ ಬಾಯಿ ಕಟ್ಟಿ. ಸುತ್ತಲೂ ಸಣ್ಣ ತೂತು ಮಾಡಿ. ಕತ್ತಲೆ ಕೋಣೆಯಲ್ಲಿ ತೂಗುಹಾಕಿ.

15ರಿಂದ 20 ದಿನದಲ್ಲಿ ಹುಲ್ಲಿನ ತುಂಬ ಬಿಳಿ ಎಳೆ ಹಬ್ಬುತ್ತದೆ. ಆಗ ತೊಟ್ಟೆ ಸೀಳಿ ತೆಗೆಯಿರಿ. ಸ್ವಲ್ಪ ಬೆಳಕು, ಗಾಳಿ ಬರಲಿ. ದಿನಕ್ಕೆ ಎರಡು ಮೂರು ಸಲ ನೀರು ಸಿಂಪಡಿಸಿ. ಒಂದು ವಾರದಲ್ಲಿ ಅಣಬೆ ಕೊಯ್ಯಬಹುದು. ಒಂದೇ ಕಂತೆಯಿಂದ ಎರಡು ಮೂರು ಕೊಯ್ಲು ಸಿಗುತ್ತದೆ. ಚೆನ್ನಾಗಿ ಬಂದರೆ 1 ಕಿಲೋ ಒಣ ಹುಲ್ಲಿಗೆ ಅರ್ಧದಿಂದ 1 ಕಿಲೋ ಅಣಬೆ. ಉಳಿದ ಹುಲ್ಲು ಗೊಬ್ಬರಕ್ಕೆ ಆಗುತ್ತದೆ.

ಎರಡು ಎಚ್ಚರಿಕೆ. ತೊಟ್ಟೆಯಲ್ಲಿ ಹಸಿರು, ಕಪ್ಪು ಬೂಸ್ಟು ಕಂಡರೆ ಅದನ್ನು ಕೂಡಲೇ ಹೊರಗೆ ಹಾಕಿ. ಅಣಬೆ ಕೋಣೆಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅಣಬೆಯಿಂದ ಉದುರುವ ಹುಡಿ ಕೆಲವರಿಗೆ ಕೆಮ್ಮು ತರುತ್ತದೆ.

ಬೀಜವನ್ನು ನಂಬಿಕೆಯ ಜಾಗದಿಂದಲೇ ತರಬೇಕು. ಮಂಗಳೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಉಂಟು. ತೋಟಗಾರಿಕೆ ಇಲಾಖೆ ಉಂಟು. ಅಲ್ಲಿ ಹೋಗಿ ಕೇಳಿ. ಕೇಳಲು ನಾಚಿಕೆ ಬೇಡ. ಹತ್ತು ಮಂದಿಯ ಮಹಿಳಾ ಸಂಘ ಒಟ್ಟಾಗಿ ಹೋದರೆ ಇನ್ನೂ ಒಳ್ಳೆಯದು. ಮೊದಲು ಐದು ತೊಟ್ಟೆ ಮಾಡಿ ನೋಡಿ. ಸಾಲ ಮಾಡಿ ದೊಡ್ಡದು ಶುರುಮಾಡಬೇಡಿ. ಅಣಬೆ ಒಂದೆರಡು ದಿನದಲ್ಲೇ ಹಾಳಾಗುತ್ತದೆ. ಕೊಳ್ಳುವವರು ಯಾರು ಅಂತ ಮೊದಲೇ ನೋಡಿಕೊಳ್ಳಿ.

ಹಬ್ಬವೇ ಶಾಲೆ ಆಗಲಿ

ಹಿಮಾಚಲ ಪ್ರದೇಶದಲ್ಲಿ ಸೋಲನ್ ಅಂತ ಒಂದು ಸಣ್ಣ ಪೇಟೆ ಉಂಟು. 1997ರ ಸೆಪ್ಟೆಂಬರ್ 10ರಂದು ಅದಕ್ಕೆ 'ಭಾರತದ ಅಣಬೆ ನಗರ' ಅಂತ ಹೆಸರು ಕೊಟ್ಟರು. ಅಲ್ಲಿ ಕೇಂದ್ರ ಸರಕಾರದ ಅಣಬೆ ಸಂಶೋಧನಾ ಸಂಸ್ಥೆ ಉಂಟು. ಅದೇ ದಿನದ ನೆನಪಿಗೆ ಅಲ್ಲಿ ಅಣಬೆ ಮೇಳ ನಡೆಸುತ್ತಾರೆ. ಆ ಮೇಳಕ್ಕೆ ಜನ ಹೋಗುವುದು ತಿನ್ನಲಿಕ್ಕೆ ಮಾತ್ರ ಅಲ್ಲ, ಕಲಿಯಲಿಕ್ಕೆ.

ನಮ್ಮ ಆಟಿಯ ಹಬ್ಬದಲ್ಲೂ ಹಾಗೆ ಮಾಡಬಹುದು ಅಲ್ವಾ? ಊಟದ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಇಡೋಣ. ಅಲ್ಲಿ ಬೇಯಿಸದ ಅಣಬೆ ಇರಲಿ. ಬುಡದ ಮಣ್ಣು ಸಮೇತ ಇರಲಿ. ಅದರ ಪಕ್ಕದಲ್ಲಿ ಗುಡ್ಡ ಬಲ್ಲ ಅಜ್ಜಿ ಕುಳಿತುಕೊಳ್ಳಲಿ. "ಇದನ್ನು ಹೇಗೆ ಗುರುತು ಹಿಡಿದಿರಿ ಅಜ್ಜಿ?" ಅಂತ ಮಕ್ಕಳು ಕೇಳಲಿ. ಅಜ್ಜಿ ಹೇಳಲಿ. ಹೊಸದಾಗಿ ಅಕ್ಷರ ಕಲಿತ ನಾವು ನೀವು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳೋಣ. ಯಾವ ಅಣಬೆ, ಯಾವ ತಿಂಗಳು, ಯಾವ ಜಾಗ, ಎಂಥ ಕಾಲು, ಎಂಥ ಬುಡ, ಎಲ್ಲ ಬರೆಯೋಣ.

ಅಣಬೆ ಮಾತ್ರ ಅಲ್ಲ. ಆಟಿ ಅಮಾವಾಸ್ಯೆಗೆ ನಾವು ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ. ಸೂರ್ಯ ಹುಟ್ಟುವ ಮೊದಲೇ, ಕತ್ತಲೆಯಲ್ಲಿ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತೇವೆ. ಕತ್ತಲೆಯಲ್ಲಿ ಮರ ತಪ್ಪಿ ಕಾಸರಕನ ತೊಗಟೆ ತಂದರೆ ಅದು ವಿಷ. ಹಾಗಾಗಿ ಹಗಲಲ್ಲೇ, ಮರ ಬಲ್ಲವರ ಜೊತೆ ಹೋಗಿ ಗುರುತು ಹಾಕಿ ಬರಬೇಕು. ಆಟಿಯ ಪ್ರತಿಯೊಂದು ಪದಾರ್ಥದ ಹಿಂದೆಯೂ ಇಂಥ ಒಂದು ತಿಳಿವಳಿಕೆ ಉಂಟು. ಪದಾರ್ಥ ಉಳಿದು ತಿಳಿವಳಿಕೆ ಹೋದರೆ ಅಪಾಯ.

ಇನ್ನೊಂದು ಮಾತು. ಅಣಬೆ ಕೀಳುವಾಗ ಹುತ್ತ ಅಗೆಯಬೇಡಿ. ಗೆದ್ದಲಿನ ಗೂಡು ಉಳಿದರೆ ಬರುವ ವರ್ಷ ಅಲ್ಲೇ ಮತ್ತೆ ಅಣಬೆ ಏಳುತ್ತದೆ. ಎಲ್ಲವನ್ನೂ ಕೀಳಬೇಡಿ. ನಾಲ್ಕು ಬಿಟ್ಟು ಬನ್ನಿ.

ನೆನಪಿಡಿ

ಗುರುತು ಇಲ್ಲದ ಅಣಬೆ ತಿನ್ನಬೇಡಿ.
ಬೆಳ್ಳಿ, ಅರಸಿನದ ಪರೀಕ್ಷೆ ನಂಬಬೇಡಿ.
ಮಕ್ಕಳು ತಂದ ಅಣಬೆಯನ್ನು ಬೇಯಿಸಬೇಡಿ.
ವಾಂತಿ, ಭೇದಿ ಆದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.
ಅನುಮಾನ ಇದ್ದರೆ ಬಿಟ್ಟುಬಿಡಿ.

ಯೋಚಿಸಿ, ಮಾತಾಡಿ

ನಿಮ್ಮ ಊರಲ್ಲಿ ಅಣಬೆಯ ಗುರುತು ಬಲ್ಲವರು ಯಾರು?
ಅವರಿಂದ ಕಲಿತವರು ಎಷ್ಟು ಮಂದಿ?
ಬರುವ ಆಟಿಯಲ್ಲಿ ಅವರ ಜೊತೆ ಗುಡ್ಡಕ್ಕೆ ಹೋಗುವವರು ಯಾರು?